ಎರಡು ಕೌಂಟರ್, ಒಂದೇ ಬಿಲ್ ನಂಬರ್: ಸ್ಟಾಕ್ ತಪ್ಪಿದ್ರೆ ಯಾವಾಗಲೂ ಹುಡುಗರೇ ಕಾರಣ ಅಲ್ಲ

ತಾಲ್ಲೂಕು ಕೇಂದ್ರದ ಅಂಗಡಿಗಳಲ್ಲಿ ಕಂಪ್ಯೂಟರ್ ಬಿಲ್ ಈಗ ಹೊಸದೇನಲ್ಲ. ಸ್ವಲ್ಪ ವ್ಯಾಪಾರ ಇರೋ ಕಿರಾಣಿ, ಗೊಬ್ಬರ, ಹಾರ್ಡ್‌ವೇರ್ ಅಂಗಡಿಯವರು ಎರಡು ಕೌಂಟರ್ ಇಟ್ಟಿರ್ತಾರೆ. ಒಂದೇ ಕೌಂಟರ್ ಇದ್ದಾಗ ಇಲ್ಲದ ಎರಡು ತಲೆನೋವು ಎರಡನೇ ಕೌಂಟರ್ ಜೊತೆಗೇ ಬರಬಹುದು. ಒಂದು, ಇಬ್ಬರು ಗಿರಾಕಿಗಳ ಕೈಯಲ್ಲಿ ಒಂದೇ ನಂಬರಿನ ಬಿಲ್. ಇನ್ನೊಂದು, ಕಂಪ್ಯೂಟರ್ ತೋರಿಸೋ ಸ್ಟಾಕ್‌ಗೂ ಗೋಡೌನ್‌ನಲ್ಲಿರೋ ಮೂಟೆಗೂ ತಾಳೆ ಆಗದೇ ಇರೋದು.

ಮೊದಲನೇದಾದ್ರೆ ಆಡಿಟರ್ ಬೈತಾರೆ, ಅಷ್ಟೇ. ಎರಡನೇದಾದ್ರೆ ಅಂಗಡಿ ಹುಡುಗನ ಮೇಲೆ ಕಣ್ಣು ಬೀಳುತ್ತೆ. ತಿಂಗಳ ಕೊನೆಗೆ ಎಣಿಸಿದಾಗ ಎರಡು ಮೂಟೆ ಸಕ್ಕರೆ ಕಡಿಮೆ ಬಂತು ಅಂದ್ರೆ ಮಾಲೀಕರು ಕಂಪ್ಯೂಟರ್ ಕಡೆ ನೋಡಲ್ಲ, ಮೂಟೆ ಹೊತ್ತವನ ಕಡೆ ನೋಡ್ತಾರೆ. ಕಂಪ್ಯೂಟರ್ ಸುಳ್ಳು ಹೇಳಲ್ಲ ಅನ್ನೋ ನಂಬಿಕೆ ನಮ್ಮಲ್ಲಿ ಜಾಸ್ತಿ.

ಕಳ್ಳತನ ಇರಬಹುದು, ಇಲ್ಲ ಅನ್ನಲ್ಲ. ಆದ್ರೆ ತಪ್ಪು ಸಾಫ್ಟ್‌ವೇರ್ ಒಳಗೂ ಕೂತಿರಬಹುದು. ಆ ತಪ್ಪು ಹೇಗೆ ಆಗುತ್ತೆ, ಅದನ್ನ ತಪ್ಪಿಸೋಕೆ ಸಾಫ್ಟ್‌ವೇರ್ ಬರೆಯೋರು ಬಳಸೋ ‘ಥ್ರೆಡ್ ಸೇಫ್ ಕ್ಯೂ’ ಅಂದ್ರೆ ಏನು, ನಿಮ್ಮ ಅಂಗಡೀಲಿ ನೀವೇ ಪರೀಕ್ಷೆ ಮಾಡೋದು ಹೇಗೆ ಅಂತ ನೋಡೋಣ.

ಒಂದು ಪುಸ್ತಕ, ಎರಡು ಕೈ

ಬಿಲ್ಲಿಂಗ್ ಪ್ರೋಗ್ರಾಂ ಒಂದು ಅಂಗಡಿ ಅಂದ್ಕೊಳ್ಳಿ. ಅದರ ಒಳಗೆ ಕೆಲಸ ಮಾಡೋ ಆಳುಗಳೇ ಥ್ರೆಡ್‌ಗಳು. ಒಂದು ಆಳು ಒಂದನೇ ಕೌಂಟರ್ ನೋಡ್ಕೊಳ್ತಾನೆ, ಇನ್ನೊಬ್ಬ ಎರಡನೇ ಕೌಂಟರ್, ಮತ್ತೊಬ್ಬ ಪ್ರಿಂಟರ್. ಎಲ್ಲರೂ ಒಂದೇ ಹೊತ್ತಿಗೆ ಓಡಾಡ್ತಿರ್ತಾರೆ. ಆದ್ರೆ ಲೆಕ್ಕದ ಪುಸ್ತಕ ಮಾತ್ರ ಒಂದೇ. ಅದು ಕಂಪ್ಯೂಟರಿನ ಮೆಮೊರಿಯಲ್ಲಿರುತ್ತೆ, ಯಾರು ಬೇಕಾದ್ರೂ ಓದಬಹುದು, ಯಾರು ಬೇಕಾದ್ರೂ ತಿದ್ದಬಹುದು. ಎಡವಟ್ಟು ಶುರುವಾಗೋದೇ ಇಲ್ಲಿಂದ.

ಪುಸ್ತಕದಲ್ಲಿ ಸಕ್ಕರೆ 10 ಮೂಟೆ ಅಂತ ಇದೆ. ಒಂದನೇ ಕೌಂಟರಲ್ಲಿ 2 ಮೂಟೆ ಮಾರಾಟ ಆಯ್ತು, ಅದೇ ಕ್ಷಣದಲ್ಲಿ ಎರಡನೇ ಕೌಂಟರಲ್ಲಿ 3 ಮೂಟೆ. ನಮಗೆ ‘ಸ್ಟಾಕ್ ಕಡಿಮೆ ಮಾಡು’ ಅನ್ನೋದು ಒಂದೇ ಕೆಲಸ. ಕಂಪ್ಯೂಟರಿಗೆ ಅದು ಮೂರು ಕೆಲಸ: ಹಳೇ ಅಂಕಿ ಓದು, ಕಳೆ, ಹೊಸ ಅಂಕಿ ಬರೆ.

ಒಂದನೇ ಥ್ರೆಡ್ 10 ಅಂತ ಓದಿತು. ಕಳೆದು ಬರೆಯೋ ಮೊದಲೇ ಎರಡನೇ ಥ್ರೆಡ್ ಬಂದು ಅದೂ 10 ಅಂತಲೇ ಓದಿತು. ಒಂದನೇದು 10ರಲ್ಲಿ 2 ಕಳೆದು 8 ಅಂತ ಬರೀತು. ಎರಡನೇದು 10ರಲ್ಲಿ 3 ಕಳೆದು, ಆ 8ರ ಮೇಲೇ 7 ಅಂತ ಬರೀತು. ಗೋಡೌನ್‌ನಲ್ಲಿ ಉಳಿದಿರೋದು 5, ಕಂಪ್ಯೂಟರಲ್ಲಿ 7. ಎರಡು ಬಿಲ್ಲೂ ಸರಿ, ಗಲ್ಲಾಪೆಟ್ಟಿಗೆ ದುಡ್ಡೂ ಸರಿ. ಎರಡು ಮೂಟೆ ಮಾತ್ರ ‘ಕಾಣೆ’. ಯಾರೂ ಕದ್ದಿಲ್ಲ, ಎಲ್ಲೂ ಹೋಗಿಲ್ಲ.

ಬಿಲ್ ನಂಬರಿನ ಕಥೆಯೂ ಇದೇ. ಇಬ್ಬರೂ ಒಟ್ಟಿಗೆ ‘ಮುಂದಿನ ನಂಬರ್ ಎಷ್ಟು?’ ಅಂತ ಕೇಳಿದ್ರೆ ಇಬ್ಬರಿಗೂ 1047 ಅಂತಲೇ ಉತ್ತರ ಸಿಗುತ್ತೆ. ಇದನ್ನ ಸಾಫ್ಟ್‌ವೇರ್ ಜನ ‘ರೇಸ್ ಕಂಡಿಷನ್’ ಅಂತಾರೆ. ಯಾರು ಮೊದಲು ಮುಟ್ಟಿದ್ರು ಅನ್ನೋದರ ಮೇಲೆ ಉತ್ತರ ಬದಲಾಗೋ ತಪ್ಪು.

ಒಂದೇ ಸಲಕ್ಕೆ ಒಂದೇ ಥ್ರೆಡ್ ಓಡಿಸೋ ವ್ಯವಸ್ಥೆ ಇದ್ರೂ ಇದು ತಪ್ಪಲ್ಲ. ಪೈಥಾನ್ ಭಾಷೇಲಿ ಹೆಚ್ಚಾಗಿ ಹಾಗೇ ಇರೋದು, ಒಂದು ಹೊತ್ತಿಗೆ ಒಂದು ಥ್ರೆಡ್‌ಗೆ ಮಾತ್ರ ಸರದಿ. ಆದ್ರೆ ಸುಮಾರು 5 ಮಿಲಿಸೆಕೆಂಡಿಗೊಮ್ಮೆ, ಅಂದ್ರೆ ಒಂದು ಸೆಕೆಂಡಿನ 200ನೇ ಒಂದು ಭಾಗಕ್ಕೆ, ‘ನೀನು ಸಾಕು, ಇನ್ನೊಬ್ಬ ಬರಲಿ’ ಅಂತ ಸರದಿ ಬದಲಾಗಬಹುದು. ಓದಿದ ಮೇಲೆ ಬರೆಯೋ ಮೊದಲು ಸರದಿ ತಪ್ಪಿದ್ರೆ ಅದೇ ಎಡವಟ್ಟು.

ಸಾಫ್ಟ್‌ವೇರ್ ಹಾಕಿಕೊಟ್ಟವರು ಬಂದು ಪರೀಕ್ಷೆ ಮಾಡಿದಾಗ ಇದು ಸಿಗಲ್ಲ. ಅವರೊಬ್ಬರೇ ಕೂತು ಹತ್ತು ಬಿಲ್ ಹಾಕ್ತಾರೆ, ಹತ್ತೂ ಸರಿ ಬರುತ್ತೆ, ಚಹಾ ಕುಡಿದು ಹೋಗ್ತಾರೆ. ತಪ್ಪು ಬರೋದು ಹಬ್ಬದ ಹಿಂದಿನ ಸಂಜೆ, ಎರಡೂ ಕೌಂಟರಲ್ಲಿ ಜನ ಮುಗಿಬಿದ್ದಾಗ.

ಐದು ಕೋಟಿ ಜನರ ಕರೆಂಟ್

ಇದು ಸಣ್ಣ ಅಂಗಡಿಯ ಸಣ್ಣ ಸಾಫ್ಟ್‌ವೇರಿಗೆ ಮಾತ್ರ ಬರೋ ರೋಗ ಅಂದ್ಕೋಬೇಡಿ. 2003ರ ಆಗಸ್ಟ್ 14ರಂದು ಅಮೆರಿಕದ 8 ರಾಜ್ಯಗಳು ಮತ್ತು ಕೆನಡಾದ ಒಂಟಾರಿಯೊದಲ್ಲಿ ಸುಮಾರು 5 ಕೋಟಿ ಜನರಿಗೆ ಕರೆಂಟ್ ಹೋಯ್ತು. ಅದಕ್ಕೆ ಕಾರಣ ಒಂದಲ್ಲ. ಲೈನ್ ಕೆಳಗಿನ ಮರ ಸರಿಯಾಗಿ ಕಡಿದಿರಲಿಲ್ಲ ಅನ್ನೋದೂ ಒಂದು (ನಮಗೆ ಇದು ಗೊತ್ತಿರೋ ವಿಷಯವೇ). ಆದ್ರೆ ಒಹಾಯೊ ರಾಜ್ಯದ ಫಸ್ಟ್ಎನರ್ಜಿ ಕಂಪನಿಯ ಕಂಟ್ರೋಲ್ ರೂಮಿನಲ್ಲಿ ಆಗಿದ್ದು ನಮ್ಮ ಸಕ್ಕರೆ ಮೂಟೆ ಕಥೆಯೇ.

ಅಲ್ಲಿ ಲೈನ್ ಟ್ರಿಪ್ ಆದ್ರೆ ಅಲಾರಂ ಹೊಡೆಯೋ ಸಾಫ್ಟ್‌ವೇರ್ ಇತ್ತು, ಜನರಲ್ ಎಲೆಕ್ಟ್ರಿಕ್ ಕಂಪನಿಯದ್ದು. ಅದರ ಎರಡು ಭಾಗಗಳು ಒಂದೇ ಮಾಹಿತಿಯನ್ನ ಒಂದೇ ಕ್ಷಣದಲ್ಲಿ ತಿದ್ದೋಕೆ ಹೋದ್ವು. ಮಧ್ಯಾಹ್ನ 2 ಗಂಟೆ 14 ನಿಮಿಷದ ಹೊತ್ತಿಗೆ ಅಲಾರಂ ನಿಂತುಹೋಯ್ತು, ಅದು ನಿಂತಿದೆ ಅಂತ ಹೇಳೋಕೂ ಅಲಾರಂ ಇರಲಿಲ್ಲ. ಹೊಸ ಸಂದೇಶಗಳು ಮಾತ್ರ ಬರ್ತಾನೇ ಇದ್ವು, ತೆಗೆಯೋರಿಲ್ಲದೆ ರಾಶಿ ಬಿತ್ತು. ಅರ್ಧ ಗಂಟೆಯೊಳಗೆ ಮುಖ್ಯ ಕಂಪ್ಯೂಟರ್ ಬಿತ್ತು, ಅದರ ಕೆಲಸ ವಹಿಸಿಕೊಂಡ ಬದಲಿ ಕಂಪ್ಯೂಟರೂ ಸ್ವಲ್ಪ ಹೊತ್ತಲ್ಲೇ ಬಿತ್ತು. ಆಪರೇಟರ್‌ಗಳು ಎಲ್ಲಾ ಸರಿ ಇದೆ ಅಂತ ಕೂತಿದ್ದಾಗ ಹೊರಗೆ ಒಂದೊಂದೇ ಲೈನ್ ಹೋಗ್ತಿತ್ತು. ಸಂಜೆ 4 ಗಂಟೆ 10 ನಿಮಿಷ ದಾಟೋ ಹೊತ್ತಿಗೆ ದೊಡ್ಡ ಕತ್ತಲೆ.

ಆ ಸಾಫ್ಟ್‌ವೇರ್ ಬೇರೆ ಬೇರೆ ಕಡೆ ಎಲ್ಲಾ ಸೇರಿ 30 ಲಕ್ಷ ಗಂಟೆಗೂ ಹೆಚ್ಚು ಓಡಿತ್ತು, ಈ ತಪ್ಪು ಒಂದು ಸಲವೂ ಕಾಣಿಸಿಕೊಂಡಿರಲಿಲ್ಲ ಅಂತ ಕಂಪನಿಯವರೇ ಆಮೇಲೆ ಹೇಳಿದ್ರು. ‘ಐದು ವರ್ಷದಿಂದ ಓಡ್ತಿದೆ ಸಾರ್, ಏನೂ ಆಗಿಲ್ಲ’ ಅಂತ ಯಾರಾದ್ರೂ ಹೇಳಿದ್ರೆ ಈ ಅಂಕಿ ನೆನಪಿಟ್ಕೊಳ್ಳಿ.

ಬೀಗ ಹಾಕಿದ್ರೆ ಸಾಕಲ್ವಾ?

ಸಾಕು, ಸರಿಯಾಗಿ ಹಾಕಿದ್ರೆ. ಪುಸ್ತಕಕ್ಕೆ ಒಂದು ಬೀಗ, ಒಂದೇ ಕೀಲಿ. ಕೀಲಿ ಸಿಕ್ಕಿದವನು ಓದಿ, ಕಳೆದು, ಬರೆದು, ಕೀಲಿ ವಾಪಸ್ ಇಡಬೇಕು. ಅಲ್ಲೀತನಕ ಉಳಿದವರು ಕಾಯಬೇಕು. ಹೀಗೆ ಒಬ್ಬೊಬ್ಬರೇ ಮುಟ್ಟೋ ಹಾಗೆ ಮಾಡೋದು ಹೇಗೆ ಅನ್ನೋದಕ್ಕೆ ನೆದರ್‌ಲ್ಯಾಂಡ್ಸ್‌ನ ಎಡ್ಸ್‌ಗರ್ ಡೈಕ್‌ಸ್ಟ್ರಾ 1965ರಲ್ಲೇ ಒಂದು ಪರಿಹಾರ ಪ್ರಕಟಿಸಿದ್ರು. ಹೊಸ ವಿದ್ಯೆ ಏನಲ್ಲ.

ತೊಂದರೆ ಇರೋದು ಮನುಷ್ಯರಲ್ಲಿ. ಪ್ರೋಗ್ರಾಂನಲ್ಲಿ ಸ್ಟಾಕ್ ಮುಟ್ಟೋ ಜಾಗ ಇಪ್ಪತ್ತು ಇದ್ರೆ ಇಪ್ಪತ್ತರಲ್ಲೂ ಬೀಗ ನೆನಪಿಟ್ಟು ಹಾಕಬೇಕು. ಒಂದು ಕಡೆ ಮರೆತ್ರೆ ಉಳಿದ ಹತ್ತೊಂಬತ್ತು ಕಡೆ ಹಾಕಿದ್ದೂ ದಂಡ. ಇನ್ನು ಬೀಗ ಎರಡಿದ್ರೆ ಬೇರೆ ಪಜೀತಿ: ಒಬ್ಬ ಸ್ಟಾಕ್ ಪುಸ್ತಕ ಹಿಡ್ಕೊಂಡು ಬಿಲ್ ಪುಸ್ತಕಕ್ಕೆ ಕಾಯ್ತಾನೆ, ಇನ್ನೊಬ್ಬ ಬಿಲ್ ಪುಸ್ತಕ ಹಿಡ್ಕೊಂಡು ಸ್ಟಾಕ್ ಪುಸ್ತಕಕ್ಕೆ ಕಾಯ್ತಾನೆ. ಇಬ್ಬರೂ ಬಿಡಲ್ಲ. ಸ್ಕ್ರೀನ್ ಹಾಗೇ ಹ್ಯಾಂಗ್ ಆಗಿ ನಿಲ್ಲುತ್ತೆ, ನಾವು ಸ್ವಿಚ್ ಆಫ್ ಮಾಡಿ ಆನ್ ಮಾಡ್ತೀವಿ.

ಹಿಟ್ಟಿನ ಗಿರಣಿ ಲೆಕ್ಕ

ಕ್ಯೂ ಅನ್ನೋದು ಬೇರೆ ದಾರಿ. ಇಬ್ಬರೂ ಪುಸ್ತಕ ಮುಟ್ಟೋದೇ ಬೇಡ ಅನ್ನೋದು ಅದರ ಲೆಕ್ಕ.

ಹಿಟ್ಟಿನ ಗಿರಣಿ ಮುಂದಿನ ಸಾಲು ನೆನಪು ಮಾಡ್ಕೊಳ್ಳಿ. ಜನರ ಸಾಲಲ್ಲ, ಡಬ್ಬಿಗಳ ಸಾಲು. ರಾಗಿ ಡಬ್ಬಿ, ಗೋಧಿ ಚೀಲ, ಜೋಳದ ಚೀಲ ಬಂದ ವರಸೆಯಲ್ಲಿ ಕೂತಿರುತ್ತೆ. ತಂದವರು ಇಟ್ಟು ತಮ್ಮ ಕೆಲಸಕ್ಕೆ ಹೋಗ್ತಾರೆ. ಗಿರಣಿಯವರು ಮುಂದಿನಿಂದ ಒಂದೊಂದೇ ತೆಗೆದು ಬೀಸ್ತಾರೆ. ತಂದವರು ಎಷ್ಟೇ ಜನ ಇರಲಿ, ಯಂತ್ರಕ್ಕೆ ಕೈ ಹಾಕೋದು ಗಿರಣಿಯವರು ಒಬ್ಬರೇ. ಆದ್ದರಿಂದ ಒಬ್ಬರ ರಾಗಿಗೆ ಇನ್ನೊಬ್ಬರ ಗೋಧಿ ಬೆರೆಯಲ್ಲ.

ಬಿಲ್ಲಿಂಗ್ ಪ್ರೋಗ್ರಾಂನಲ್ಲೂ ಹೀಗೇ ಮಾಡಬಹುದು. ಕೌಂಟರಿನ ಥ್ರೆಡ್‌ಗಳು ಲೆಕ್ಕದ ಪುಸ್ತಕ ಮುಟ್ಟಲ್ಲ. ‘ಒಂದನೇ ಕೌಂಟರ್, ಸಕ್ಕರೆ 2 ಮೂಟೆ’ ಅಂತ ಚೀಟಿ ಬರೆದು ಕ್ಯೂಗೆ ಹಾಕ್ತವೆ. ಪುಸ್ತಕದ ಥ್ರೆಡ್ ಅಂತ ಒಂದೇ ಒಂದು ಇರುತ್ತೆ. ಅದು ಮುಂದಿನ ಚೀಟಿ ತೆಗೆದು, ನಂಬರ್ ಕೊಟ್ಟು, ಸ್ಟಾಕ್ ಕಳೆದು, ಡಿಸ್ಕಿಗೆ ಬರೆದು, ‘ನಿನ್ನ ಬಿಲ್ 1047’ ಅಂತ ಅದೇ ಕೌಂಟರಿಗೆ ಉತ್ತರ ಕಳಿಸುತ್ತೆ. ಆಮೇಲೆ ಮುಂದಿನ ಚೀಟಿ. 10ರಲ್ಲಿ 2 ಹೋಗಿ 8, 8ರಲ್ಲಿ 3 ಹೋಗಿ 5. ನಡುವೆ ಬಂದು ಓದೋನು ಯಾರೂ ಇಲ್ಲ. ಗಿರಾಕಿಗೆ ತಡ ಆಯ್ತು ಅಂತ ಗೊತ್ತೂ ಆಗಲ್ಲ, ಒಂದು ಚೀಟಿಯ ಕೆಲಸ ಸೆಕೆಂಡಿನ ಸಣ್ಣ ಚೂರು.

ಹಾಗಾದ್ರೆ ಎರಡು ಥ್ರೆಡ್ ಒಟ್ಟಿಗೆ ಕ್ಯೂಗೆ ಚೀಟಿ ಹಾಕಿದ್ರೆ ಕ್ಯೂನೇ ಕೆಡಲ್ವಾ? ಸರಿಯಾದ ಪ್ರಶ್ನೆ. ‘ಥ್ರೆಡ್ ಸೇಫ್’ ಅನ್ನೋ ಮಾತಿನ ಅರ್ಥವೇ ಇಲ್ಲಿರೋದು. ಕ್ಯೂ ಒಳಗೇ ಬೀಗ ಇರುತ್ತೆ. ಹಾಕೋ ಆ ಒಂದು ಕ್ಷಣಕ್ಕೆ ತಾನೇ ಬೀಗ ಹಾಕ್ಕೊಂಡು ತಾನೇ ತೆಗೆಯುತ್ತೆ. ಇಪ್ಪತ್ತು ಜಾಗದಲ್ಲಿ ನೆನಪಿಡಬೇಕಿದ್ದ ಬೀಗ ಒಂದೇ ಜಾಗಕ್ಕೆ ಬಂತು. ಅದನ್ನೂ ನಿಮ್ಮ ಸಾಫ್ಟ್‌ವೇರ್ ಹುಡುಗರು ಹೊಸದಾಗಿ ಬರೀಬೇಕಿಲ್ಲ. ಪೈಥಾನ್‌ನಲ್ಲಿ ‘ಕ್ಯೂ’ ಅನ್ನೋ ಹೆಸರಲ್ಲೇ ಸಿದ್ಧ ಇದೆ, ಜಾವಾದಲ್ಲಿ 2004ರಲ್ಲಿ ಬಂದ 5ನೇ ಆವೃತ್ತಿಯಿಂದ ‘ಬ್ಲಾಕಿಂಗ್ ಕ್ಯೂ’ ಇದೆ.

ಅದಕ್ಕೆ ಇನ್ನೊಂದು ಒಳ್ಳೇ ಗುಣ ಇದೆ. ಚೀಟಿ ಇಲ್ಲದಾಗ ಪುಸ್ತಕದ ಥ್ರೆಡ್ ‘ಬಂತಾ, ಬಂತಾ’ ಅಂತ ಬಗ್ಗಿ ಬಗ್ಗಿ ನೋಡ್ತಾ ಇರಲ್ಲ. ಹಾಗೆ ನೋಡ್ತಾ ಇದ್ರೆ ಕಂಪ್ಯೂಟರ್ ಸುಮ್ಮನೆ ಬಿಸಿಯಾಗುತ್ತೆ. ಅದು ಮಲಗುತ್ತೆ, ಚೀಟಿ ಬಿದ್ದಾಗ ಕ್ಯೂನೇ ಎಬ್ಬಿಸುತ್ತೆ. ಚೀಟಿ ಹಾಕೋದಕ್ಕೆ ‘ಪುಟ್’, ತೆಗೆಯೋದಕ್ಕೆ ‘ಗೆಟ್’. ಕಲಿಯಬೇಕಾಗಿರೋದು ಹೆಚ್ಚುಕಡಿಮೆ ಇಷ್ಟೇ. ನಾನು ಡಿಗ್ರಿ ಮಧ್ಯದಲ್ಲಿ ಬಿಟ್ಟವನು. ಇರೋವಷ್ಟು ದಿನ ಇದನ್ನ ‘ಪ್ರೊಡ್ಯೂಸರ್ ಕನ್ಸ್ಯೂಮರ್ ಪ್ರಾಬ್ಲಂ, ಹತ್ತು ಮಾರ್ಕ್ಸ್’ ಅಂತ ಬರೆಸಿದ್ರು. ಗಿರಣಿ ಅಂತ ಒಬ್ಬರೂ ಹೇಳಲಿಲ್ಲ.

ಸಾಲು ರಸ್ತೆಗೆ ಬಂದ್ರೆ?

ಗಿರಣಿ ಒಳಗೆ ಜಾಗ ತುಂಬಿದ್ರೆ ಗಿರಣಿಯವರು ಏನಂತಾರೆ? ‘ಈಗ ಇಡಬೇಡಿ, ಸ್ವಲ್ಪ ತಡೀರಿ’ ಅಂತಾರೆ. ಕ್ಯೂಗೂ ಹೀಗೆ ಮಿತಿ ಹಾಕಬಹುದು. 100 ಚೀಟಿ ಅಂತ ಮಿತಿ ಇಟ್ರೆ 101ನೇದನ್ನ ಹಾಕೋಕೆ ಬಂದವನು ಜಾಗ ಆಗೋತನಕ ಕಾಯ್ತಾನೆ. ಪೈಥಾನ್ ಕ್ಯೂನಲ್ಲಿ ಮಿತಿ ಹೇಳದಿದ್ರೆ ಅದು ಲೆಕ್ಕವಿಲ್ಲದಷ್ಟು ತಗೊಳ್ಳುತ್ತೆ, ಮೆಮೊರಿ ಮುಗಿಯೋತನಕ. ಒಹಾಯೊದಲ್ಲಿ ಸಂದೇಶ ರಾಶಿ ಬಿದ್ದು ಕಂಪ್ಯೂಟರ್ ಬಿದ್ದಿದ್ದು ನೆನಪಿದೆಯಲ್ಲ? ಪ್ರಿಂಟರಲ್ಲಿ ಪೇಪರ್ ಮುಗಿದಿದ್ದು ಯಾರೂ ನೋಡದೆ ಸಂಜೆವರೆಗೂ ಬಿಲ್ ರಾಶಿ ಬೀಳೋದೂ ಇದೇ ಜಾತಿಯದ್ದು. ನನ್ನ ಕೇಳಿದ್ರೆ ಮಿತಿ ಇಲ್ಲದ ಕ್ಯೂ ಇಡೋದು ತೊಂದರೆಯನ್ನ ಸಂಜೆಗೆ ಮುಂದೂಡಿದ ಹಾಗೆ. ಬೆಳಿಗ್ಗೆಯೇ ‘ತುಂಬಿದೆ’ ಅಂತ ಗೊತ್ತಾಗೋದು ವಾಸಿ.

ಕ್ಯೂ ಇಟ್ಟಮೇಲೂ ಕೆಲವರು ಕೆಡಿಸ್ತಾರೆ. ಡಬ್ಬಿ ಸಾಲಲ್ಲಿ ಇಟ್ಟಮೇಲೆ ಅದಕ್ಕೆ ಮತ್ತೆ ಎರಡು ಸೇರು ಗೋಧಿ ಸುರಿಯೋ ಹಾಗಿಲ್ಲ. ಅಂದ್ರೆ ಚೀಟಿ ಕ್ಯೂಗೆ ಹಾಕಿದ ಮೇಲೆ ಕೌಂಟರಿನ ಥ್ರೆಡ್ ಅದೇ ಚೀಟಿಯನ್ನ ತಿದ್ದಬಾರದು. ಕ್ಯೂ ಕಾಯೋದು ಸಾಲನ್ನ ಮಾತ್ರ, ಡಬ್ಬಿ ಒಳಗಿನ ಕಾಳನ್ನಲ್ಲ. ಇನ್ನೊಂದು, ತೆಗೆಯೋರು ಇಬ್ಬರಿದ್ದಾಗ ‘ಕ್ಯೂನಲ್ಲಿ ಏನಾದ್ರೂ ಇದೆಯಾ’ ಅಂತ ಮೊದಲು ನೋಡಿ ಆಮೇಲೆ ತೆಗೆಯೋ ಅಭ್ಯಾಸ. ನೋಡಿದಾಗ ಒಂದು ಇರುತ್ತೆ, ಕೈ ಹಾಕೋ ಹೊತ್ತಿಗೆ ಇನ್ನೊಬ್ಬ ತಗೊಂಡಿರ್ತಾನೆ. ನೋಡೋದೇ ಬೇಡ, ನೇರ ಗೆಟ್ ಮಾಡಿ ಕಾಯಬೇಕು.

ವರಸೆ ಬಗ್ಗೆಯೂ ಒಂದು ಮಾತು. ಹೋಟೆಲ್ ಅಡುಗೆಮನೆಯಲ್ಲಿ ಆರ್ಡರ್ ಚೀಟಿಗಳನ್ನ ಮೊಳೆಗೆ ಚುಚ್ಚಿ, ಭಟ್ಟರು ಮೇಲಿಂದ ಮೇಲಿಂದ ಕೀಳ್ತಾ ಹೋದ್ರೆ ಕೊನೆಗೆ ಬಂದವನಿಗೆ ದೋಸೆ ಮೊದಲು, ಮೊದಲು ಬಂದವನು ನೀರು ಕುಡೀತಾ ಕೂತಿರಬೇಕು. ಪೈಥಾನ್‌ನಲ್ಲಿ ಈ ಮೊಳೆ ಥರದ್ದೂ ಇದೆ, ತುರ್ತಿನವರಿಗೆ ಮೊದಲು ಅನ್ನೋ ಥರದ್ದೂ ಇದೆ. ಬಿಲ್ಲಿಗೆ ಮಾತ್ರ ಮೊದಲು ಬಂದವರಿಗೆ ಮೊದಲು ಅನ್ನೋದೇ ಬೇಕು.

ಕ್ಯೂ ಕೈಯಲ್ಲಿ ಆಗದ್ದೂ ಇದೆ. ಅದು ಇರೋದು ಒಂದು ಪ್ರೋಗ್ರಾಂನ ಮೆಮೊರಿಯಲ್ಲಿ. ಕರೆಂಟ್ ಹೋಗಿ ಕಂಪ್ಯೂಟರ್ ಆಫ್ ಆದ್ರೆ ಕ್ಯೂನಲ್ಲಿದ್ದ ಚೀಟಿಗಳೂ ಹೋದ್ವು. ಅದಕ್ಕೇ ಡಿಸ್ಕಿಗೆ ಬರೆದ ಮೇಲೆ ಮಾತ್ರ ಬಿಲ್ ಪ್ರಿಂಟ್ ಆಗಬೇಕು, ಮೊದಲು ಪ್ರಿಂಟ್ ಆಮೇಲೆ ಸೇವ್ ಅನ್ನೋದು ತಪ್ಪು ವರಸೆ. ಇನ್ನು ಎರಡು ಕೌಂಟರಲ್ಲಿ ಎರಡು ಬೇರೆ ಬೇರೆ ಕಂಪ್ಯೂಟರ್ ಇದ್ದು, ಎರಡೂ ತಂತಮ್ಮ ಪ್ರೋಗ್ರಾಂ ಓಡಿಸ್ತಾ ಒಂದೇ ಫೈಲಿಗೆ ಬರೀತಿದ್ರೆ ಈ ಕ್ಯೂ ಸಾಲದು. ಒಂದು ಗಿರಣಿಯ ಸಾಲು ಇನ್ನೊಂದು ಗಿರಣಿಗೆ ಗೊತ್ತಾಗಲ್ಲ. ಅಲ್ಲಿ ಓದಿ ಬರೆಯೋದನ್ನ ಒಂದೇ ಗಂಟಾಗಿ ಮಾಡೋ ಜವಾಬ್ದಾರಿ ಡೇಟಾಬೇಸ್‌ಗೆ ಕೊಡಬೇಕು, ಇಲ್ಲಾ ಎರಡೂ ಕಂಪ್ಯೂಟರ್ ಒಂದೇ ಮುಖ್ಯ ಪ್ರೋಗ್ರಾಂಗೆ ಚೀಟಿ ಕಳಿಸಬೇಕು.

ನಿಮ್ಮ ಅಂಗಡೀಲಿ ನೋಡೋದು ಹೇಗೆ

ಮೊದಲು ಬಿಲ್ ನಂಬರ್. ಜಿಎಸ್‌ಟಿ ನಿಯಮ 46ರ ಪ್ರಕಾರ ಇನ್‌ವಾಯ್ಸ್ ನಂಬರ್ ಕ್ರಮವಾಗಿರಬೇಕು, 16 ಅಕ್ಷರ ದಾಟಬಾರದು, ಒಂದು ಹಣಕಾಸು ವರ್ಷದಲ್ಲಿ ಮತ್ತೆ ಬರಬಾರದು. ಹಾಗಾಗಿ ಒಂದೇ ನಂಬರ್ ಎರಡು ಸಲ ಅನ್ನೋದು ಬರೀ ಮುಜುಗರದ ವಿಷಯ ಅಲ್ಲ. ಬಿಲ್ ಪಟ್ಟಿಯನ್ನ ಎಕ್ಸೆಲ್‌ಗೆ ತೆಗೆದು, ನಂಬರ್ ಕಾಲಂನಲ್ಲಿ ಎರಡೆರಡು ಸಲ ಬಂದಿರೋದಕ್ಕೆ ಬಣ್ಣ ಹಾಕಿಸಿ. ಎರಡು ನಿಮಿಷದ ಕೆಲಸ.

ಅದೇ ನಿಯಮ ಒಂದಕ್ಕಿಂತ ಹೆಚ್ಚು ಸರಣಿ ಇಟ್ಕೊಳ್ಳೋಕೆ ಅವಕಾಶ ಕೊಟ್ಟಿದೆ. ಒಂದನೇ ಕೌಂಟರಿಗೆ ‘ಎ’ ಸರಣಿ, ಎರಡನೇದಕ್ಕೆ ‘ಬಿ’ ಸರಣಿ ಅಂತ ಮಾಡಿಸಿದ್ರೆ ಕೌಂಟರ್‌ಗಳ ನಡುವೆ ನಂಬರ್ ಜಗಳ ಅವತ್ತೇ ಮುಗೀತು, ಕ್ಯೂ ಬೇಕಿಲ್ಲ. ಮಾಡೋ ಮೊದಲು ನಿಮ್ಮ ಆಡಿಟರಿಗೆ ಒಂದು ಮಾತು ಹೇಳಿ, ರಿಟರ್ನ್‌ನಲ್ಲಿ ಯಾವ ನಂಬರಿನಿಂದ ಯಾವ ನಂಬರಿನವರೆಗೆ ಬಿಲ್ ಕೊಟ್ಟಿದ್ದೀವಿ ಅಂತ ತೋರಿಸೋ ಜಾಗ ಇರುತ್ತೆ. ಆದ್ರೆ ಸರಣಿ ಬೇರೆ ಮಾಡಿದ್ರೂ ಸ್ಟಾಕ್ ಒಂದೇ ಅಲ್ವಾ? ಸಕ್ಕರೆ ಮೂಟೆಯ ತಪ್ಪು ಹಾಗೇ ಉಳಿಯುತ್ತೆ.

ಸ್ಟಾಕ್ ಪರೀಕ್ಷೆ ಹೀಗೆ ಮಾಡಿ. ಯಾವುದಾದ್ರೂ ಒಂದೇ ಮಾಲು ಆರಿಸ್ಕೊಳ್ಳಿ, ಜೋರಾಗಿ ಓಡೋದು. ತಿಂಗಳ ಮೊದಲ ದಿನದ ಸ್ಟಾಕ್‌ಗೆ ಆ ತಿಂಗಳು ಬಂದ ಮಾಲು ಕೂಡಿಸಿ, ಬಿಲ್‌ಗಳಲ್ಲಿ ಹೋದ ಒಟ್ಟು ಮಾಲು ಕಳೀರಿ, ವಾಪಸ್ ಬಂದಿದ್ದು ಇದ್ರೆ ಸೇರಿಸಿ. ಬಂದ ಉತ್ತರ, ಕಂಪ್ಯೂಟರ್ ತೋರಿಸೋ ಸ್ಟಾಕ್, ಗೋಡೌನ್ ಎಣಿಕೆ, ಈ ಮೂರನ್ನ ಪಕ್ಕಪಕ್ಕ ಬರ್ಕೊಳ್ಳಿ. ನಿಮ್ಮ ಲೆಕ್ಕ 5, ಗೋಡೌನ್ 5, ಕಂಪ್ಯೂಟರ್ 7 ಅಂತ ಬಂದ್ರೆ ತಪ್ಪು ಕಂಪ್ಯೂಟರಿನ ಒಳಗೆ ಆಗಿದೆ, ಅದರ ಸ್ವಂತ ಬಿಲ್‌ಗಳೇ ಅದಕ್ಕೆ ಸಾಕ್ಷಿ. ನಿಮ್ಮ ಲೆಕ್ಕವೂ ಕಂಪ್ಯೂಟರೂ 7 ಅಂದು ಗೋಡೌನ್ ಮಾತ್ರ 5 ಇದ್ರೆ, ಬಿಲ್ ಆಗದೆ ಮಾಲು ಹೋಗಿದೆ, ಇಲ್ಲಾ ಬರುವಾಗಲೇ ಕಡಿಮೆ ಬಂದಿದೆ. ಕೆಲವು ಸಾಫ್ಟ್‌ವೇರ್‌ಗಳು ಸ್ಟಾಕ್ ಅಂಕಿಯನ್ನ ತಿದ್ದಲ್ಲ, ಪ್ರತಿ ಸಲ ಬಿಲ್‌ಗಳಿಂದಲೇ ಲೆಕ್ಕ ಹಾಕ್ತವೆ. ಅಂಥದ್ರಲ್ಲಿ ಈ ಬಗೆಯ ತಪ್ಪು ಬರಲ್ಲ.

ಸಾಫ್ಟ್‌ವೇರ್ ಹಾಕಿಕೊಟ್ಟವರು ಮುಂದಿನ ಸಲ ವಾರ್ಷಿಕ ಶುಲ್ಕಕ್ಕೆ ಬಂದಾಗ ಎರಡೂ ಕೌಂಟರಲ್ಲಿ ಒಂದೇ ಮಾಲಿಗೆ ಒಟ್ಟೊಟ್ಟಿಗೆ ಬಿಲ್ ಒತ್ತಿ ತೋರಿಸಿ ಅನ್ನಿ. ಒಂದೆರಡು ಸಲ ಸಾಲದು, ನೂರು ಸಲ. ಇದನ್ನ ನಿಜವಾದ ಬಿಲ್‌ಗಳ ಮೇಲೆ ಮಾಡಬೇಡಿ, ಪರೀಕ್ಷೆಗೆ ಬೇರೆ ಕಂಪನಿ ಹೆಸರು ಹಾಕಿಸಿ ಮಾಡಿಸಿ. ಸ್ಟಾಕ್ ಬರೆಯೋ ಥ್ರೆಡ್ ಒಂದೇನಾ, ಚೀಟಿಗಳು ಕ್ಯೂನಲ್ಲಿ ಬರುತ್ತಾ, ಕ್ಯೂಗೆ ಮಿತಿ ಇದೆಯಾ, ಸೇವ್ ಆದಮೇಲೇ ಪ್ರಿಂಟ್ ಆಗುತ್ತಾ ಅಂತ ಕೇಳಿ. ಸರಿಯಾಗಿ ಮಾಡಿದವರು ಖುಷಿಯಿಂದ ಹೇಳ್ತಾರೆ, ಇಂಥ ಪ್ರಶ್ನೆ ಅವರಿಗೆ ಯಾರೂ ಕೇಳಿರಲ್ಲ. ಈ ಪರೀಕ್ಷೆ ಮುಗಿಯೋತನಕ ಹುಡುಗನ ಸಂಬಳದಲ್ಲಿ ಆ ಎರಡು ಮೂಟೆ ಹಿಡೀಬೇಡಿ.